ಅರುಂಧತಿಯ ಹಾಜರಿ

ನಕ್ಷತ್ರ ನೋಡಿದರೆ ಮನಸ್ಸಿಗೆ ಶಾಂತಿ ಸಿಗುತ್ತದೆ ಎಂದು ಈಗ ಎಲ್ಲರೂ ಹೇಳುತ್ತಾರೆ. ನಾನು ಮಾತ್ರ ಮೂವತ್ತೆಂಟು ವರ್ಷ ರಾತ್ರಿಯಲ್ಲಿ ತಲೆ ಎತ್ತಿದವಳಲ್ಲ. ಬೇಸಿಗೆಯಲ್ಲಿ ಕರೆಂಟು ಹೋಗಿ ಓಣಿಯ ಮಂದಿಯೆಲ್ಲ ಮಾಳಿಗೆ ಹತ್ತಿದರೂ ನಾನು ಒಳಗೇ ಬೆವರುತ್ತ ಮಲಗುತ್ತಿದ್ದೆ. ಸಂತಪುರದ ಸಾಲೆಯಲ್ಲಿ ವಿಜ್ಞಾನ ಕಲಿಸುವವಳು, ಗ್ರಹಣ ಹಿಡಿದಾಗ ಮಕ್ಕಳೆದುರು ಉಪ್ಪಿಟ್ಟು ತಿಂದು ತೋರಿಸಿದವಳು, ಒಂದು ಸಣ್ಣ ಚುಕ್ಕಿಗೆ ಹೆದರುತ್ತಿದ್ದೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ಈ ಹೆದರಿಕೆ ಹುಟ್ಟಿದ್ದು ಭಾಲ್ಕಿಯಲ್ಲಿದ್ದ ನಮ್ಮ ಮನೆಯ ಮಾಳಿಗೆಯ ಮೇಲೆ. ಬೇಸಿಗೆಯಲ್ಲಿ ಎಲ್ಲರೂ ಅಲ್ಲೇ ಸಾಲಾಗಿ ಮಲಗುತ್ತಿದ್ದೆವು. ನಿದ್ದೆಗೆ ಮುಂಚೆ ಆಯಿ, ಅಂದರೆ ಅಪ್ಪನ ತಾಯಿ, ಹಾಜರಿ ತೆಗೆದುಕೊಳ್ಳುತ್ತಿದ್ದಳು. ಉತ್ತರದ ಆಕಾಶದಲ್ಲಿ ಸಪ್ತರ್ಷಿಗಳ ಏಳು ಚುಕ್ಕಿ. ಬಾಲದ ನಡುವಿನ ಚುಕ್ಕಿಯ ಮಗ್ಗುಲಿಗೆ ಅಂಟಿಕೊಂಡು ಕೂತ ಸಣ್ಣ ಚುಕ್ಕಿಯೇ ಅರುಂಧತಿ. ಎಲ್ಲರಿಗಿಂತ ಸಣ್ಣವರಿಂದ ಶುರುವಾಗಿ ಒಬ್ಬೊಬ್ಬರೂ ಅವಳನ್ನು ಹುಡುಕಿ "ಕಂಡಳು" ಎನ್ನಬೇಕು. ಕೊನೆಗೆ ಆಯಿ ಬೆರಳೆತ್ತಿ ತಾನೂ "ಕಂಡಳು" ಎಂದರೆ ಹಾಜರಿ ಮುಗಿಯಿತು, ಮಾತು ಬಂದ್. ಅರುಂಧತಿ ಕಾಣದವರು ಆರು ತಿಂಗಳು ಉಳಿಯುವುದಿಲ್ಲ ಎಂಬ ನಂಬಿಕೆ ನಮ್ಮ ಮನೆಯಲ್ಲಿತ್ತು. ಎಲ್ಲರಿಗೂ ಕಾಣುತ್ತಿದ್ದಳಾದ್ದರಿಂದ ನಮಗೆ, ಮಕ್ಕಳಿಗೆ, ಅದೊಂದು ಆಟವಾಗಿತ್ತು.

ನನಗೆ ಹತ್ತು ವರ್ಷವಾಗಿದ್ದ ಬೇಸಿಗೆಯ ಒಂದು ರಾತ್ರಿ ಎಲ್ಲರದೂ ಮುಗಿದು ಆಯಿಯ ಸರದಿ ಬಂತು. ಆಯಿ ಸುಮ್ಮನಿದ್ದಳು. ಎಷ್ಟು ಹೊತ್ತು ಎಂದರೆ, ನನ್ನ ತಮ್ಮ ನಗಲು ಶುರುಮಾಡಿ, ತಾನೇ ನಗು ನಿಲ್ಲಿಸಿದ. ಆಮೇಲೆ ಆಯಿ ಊರಿನ ಸುದ್ದಿ ಹೇಳುವ ದನಿಯಲ್ಲಿ "ನಂಗ ಕಾಣವಲ್ಲಳು" ಎಂದಳು. ಶೀಗಿ ಹುಣ್ಣಿಮೆಯ ಹೊತ್ತಿಗೆ ಆಯಿ ಇರಲಿಲ್ಲ.

ಮರುವರ್ಷ ಮಾಳಿಗೆಯ ಮೇಲೆ ಹಾಸಿಗೆ ಹಾಸಿದರು. ಹಾಜರಿ ತೆಗೆಯುವವರು ಇಲ್ಲದಿದ್ದರೂ ಮಲಗುವ ಹೊತ್ತಿಗೆ ಎಲ್ಲರೂ ಒಮ್ಮೆಲೇ ಸುಮ್ಮನಾಗಿಬಿಡುತ್ತಿದ್ದೆವು. ಆ ಸುಮ್ಮನಿರುವಿಕೆ ಆಯಿಯ ಸರದಿಯಷ್ಟೇ ಉದ್ದ ಇರುತ್ತಿತ್ತು. ನಾನು ಚಾದರವನ್ನು ತಲೆಯ ಮೇಲೆ ಎಳೆದುಕೊಂಡೆ. ಅಂದು ಎಳೆದದ್ದನ್ನು ಮುಂದೆ ತೆಗೆಯಲೇ ಇಲ್ಲ.

ಈಗ ಬೀದರಿನ ಮಗ್ಗುಲಿನ ನೌಬಾದಿನ ಮನೆಯಲ್ಲಿ ನಾನು ಮತ್ತು ಅವ್ವ ಇಬ್ಬರೇ. ಎರಡು ವರ್ಷದಿಂದ ನಿದ್ದೆ ನನಗೆ ಕೈಕೊಟ್ಟಿತ್ತು. ಸುಮ್ಮನೆ ಕೂತಲ್ಲಿ ಎದೆ ಡವಡವ ಎನ್ನುವುದು, ಬಾಯಿ ಒಣಗುವುದು. ಬೀದರಿನ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ ಹೃದಯ ಗಟ್ಟಿ ಇದೆ ಎಂದರು, ಊಟವಾದ ಮೇಲೆ ಮೊಬೈಲು ಒಳಗಿಟ್ಟು ಸ್ವಲ್ಪ ಹೊತ್ತು ಆಕಾಶದ ಕೆಳಗೆ ಕೂಡಿ ಎಂದರು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬ ಗಾದೆ ನನ್ನ ಪಾಲಿಗೆ ತಿರುಗಿ ಬಿದ್ದಿತ್ತು. ಅದೇ ವಾರ ಔರಾದಿನ ಶಿಕ್ಷಣ ಕಚೇರಿಯಿಂದ ಸುತ್ತೋಲೆ ಬಂತು. ಪರೀಕ್ಷೆಯ ಭಯ ಇಳಿಯಲೆಂದು ಮಕ್ಕಳಿಗೆ ಒಂದು ಸಂಜೆ ನಕ್ಷತ್ರ ತೋರಿಸಬೇಕಂತೆ. ಸಾಲೆಯಲ್ಲಿ ವಿಜ್ಞಾನದ ಟೀಚರು ನಾನೊಬ್ಬಳೇ. ಹೆದರೋರ ಮೇಲೆ ಕಪ್ಪೆ ಎಸೆದರಂತೆ.

ಯುಗಾದಿಯ ಅಮಾಸಿಯಂದು ಮಕ್ಕಳನ್ನು ಸಾಲೆಯ ಬಯಲಿನಲ್ಲಿ ಕೂಡಿಸಿ ದೀಪ ಆರಿಸಿದೆವು. ಸಣ್ಣ ತರಗತಿಯವರು ಮುಂದೆ, ದೊಡ್ಡವರು ಹಿಂದೆ. ಆಚೆಗೆ ಜೋಳ ಕೊಯ್ದ ಹೊಲ, ಅದರಾಚೆ ಏನೂ ಕಾಣದು. ಪುಸ್ತಕದಲ್ಲಿದ್ದಂತೆ ಧ್ರುವ, ಸಪ್ತರ್ಷಿ ಎಂದು ಬೇಗ ಬೇಗ ತೋರಿಸಿ ಮುಗಿಸುವ ಅವಸರ ನನಗೆ. ಅಷ್ಟರಲ್ಲಿ ಮುಂದಿನ ಸಾಲಿನ ಹುಡುಗಿಯೊಬ್ಬಳು, ನಡುವಿನ ಚುಕ್ಕಿಯ ಬಾಜೂಕೆ ಇನ್ನೊಂದು ಸಣ್ಣದಿದೆಯಲ್ಲ ಎಂದಳು. ಅವಳ ಹಿಂದಿನವನು ನನಗೂ ಕಂಡಿತು ಎಂದ. ನಾನು ಕೇಳದಿದ್ದರೂ ಆ ಮಾತು ಒಬ್ಬರಿಂದ ಒಬ್ಬರಿಗೆ, ಸಣ್ಣವರಿಂದ ದೊಡ್ಡವರಿಗೆ, ಕತ್ತಲಲ್ಲಿ ಸಾಲು ಸಾಲಾಗಿ ಹಿಂದೆ ಸರಿಯಿತು. ಯಾರ ಮುಖವೂ ಕಾಣುತ್ತಿರಲಿಲ್ಲ. ಕೊನೆಯ ಹುಡುಗನ ದನಿ ನಿಂತಿತು. ಆಮೇಲೆ ಎಲ್ಲರೂ ಸುಮ್ಮನಾದರು. ಅಲ್ಲಿದ್ದವರಲ್ಲಿ ಎಲ್ಲರಿಗಿಂತ ಹಿರಿಯಳು ನಾನೇ ಎಂದು ಆಗ ಹೊಳೆಯಿತು.

ತಲೆ ಎತ್ತಿ ನೋಡಿದೆ. ಕನ್ನಡಕ ಒರೆಸಿ ಮತ್ತೆ ನೋಡಿದೆ. ನಡುವಿನ ಚುಕ್ಕಿ ಇತ್ತು. ಅದರ ಮಗ್ಗುಲು ಖಾಲಿ.

"ಕಂಡಳು" ಎಂದೆ. ಮಕ್ಕಳ ಮುಂದೆ ಇನ್ನೇನು ಹೇಳಲಿ?

ಮನೆಗೆ ಮರಳುವ ಬಸ್ಸಿನಲ್ಲಿ ಬೆರಳು ಮಡಚಿ ತಿಂಗಳು ಎಣಿಸಿದೆ. ಯುಗಾದಿಯಿಂದ ಆರು ತಿಂಗಳೆಂದರೆ ಭಾದ್ರಪದದ ಅಮಾಸಿ, ಹಿರಿಯರಿಗೆ ಎಡೆ ಇಡುವ ದಿನ. ಸತ್ತವರು ಮನೆಗೆ ಬರುವ ದಿನಕ್ಕೇ ನನ್ನ ಲೆಕ್ಕ ಬಂದು ನಿಂತಿತ್ತು. ಕಣ್ಣಿನ ನಂಬರು ಬದಲಾಗಿರಬೇಕು ಎಂದು ತಿಳಿಯದಷ್ಟು ದಡ್ಡಿ ನಾನಲ್ಲ. ಔರಾದಿನಲ್ಲಿ ಕನ್ನಡಕದ ಅಂಗಡಿಯಿದೆ, ಬೀದರಿನಲ್ಲಂತೂ ಬೇಕಾದಷ್ಟಿವೆ. ಹೋಗಲಿಲ್ಲ. ಹೊಸ ಕನ್ನಡಕ ಹಾಕಿದ ಮೇಲೂ ಕಾಣದಿದ್ದರೆ ಆಮೇಲೆ ಹಿಡಿದುಕೊಳ್ಳಲು ಏನೂ ಉಳಿಯುತ್ತಿರಲಿಲ್ಲ.

ಮರುದಿನದಿಂದ ಊಟವಾದ ಕೂಡಲೇ ಮಾಳಿಗೆ ಹತ್ತತೊಡಗಿದೆ. ಶಾಂತಿಗಾಗಿ ಅಲ್ಲ, ಇವತ್ತಾದರೂ ಕಾಣುತ್ತಾಳೇನೋ ಎಂಬ ಆಸೆಗೆ. ಅವಳು ಕಾಣಲಿಲ್ಲ. ಅವಳನ್ನು ಹುಡುಕುತ್ತ ಹುಡುಕುತ್ತ ಉಳಿದವು ಪರಿಚಯವಾದವು. ಬಾಲದ ಬಾಗು ಹಿಡಿದು ಹೋದರೆ ಸ್ವಾತಿ, ಇನ್ನೂ ಮುಂದೆ ಚಿತ್ತಾ. ಮಳೆಯ ಹೆಸರೆಂದು ಬಾಯಿಪಾಠ ಮಾಡಿದ್ದವು ಅಲ್ಲಿ ಹೊಳೆಯುತ್ತ ಕೂತಿದ್ದವು. ಅವು ಒಂದಿಷ್ಟೂ ಅವಸರವಿಲ್ಲದೆ ಪಡುವಣಕ್ಕೆ ಸರಿಯುವುದನ್ನು ನೋಡುತ್ತ ನನ್ನ ಉಸಿರೂ ನಿಧಾನವಾಗುತ್ತಿತ್ತು. ಒಂದು ತಿಂಗಳಾಗುವಷ್ಟರಲ್ಲಿ ಎದೆಯ ಡವಡವ ನಿಂತು, ಕೂಸಿನಂಥ ನಿದ್ದೆ ಬರತೊಡಗಿತು. ಸಾಯಲು ದಿನ ಎಣಿಸುವವಳಿಗೆ ಇಂಥ ನಿದ್ದೆ! ನನಗೇ ನಗು ಬರುತ್ತಿತ್ತು.

ಒಂದು ರಾತ್ರಿ ಪಕ್ಕದ ಮಾಳಿಗೆಗೆ ಬಟ್ಟೆ ತೆಗೆಯಲು ಬಂದ ನೆರೆಮನೆಯಾಕೆ, ಓಣಿಯವರೆಲ್ಲ ಖಾಲಾ ಎಂದು ಕರೆಯುವವರು, ದಿನಾಲು ಯಾರ ಜೊತೆ ಮಾತಾಡುತ್ತೀರಿ ಎಂದು ವಿಚಾರಿಸಿದರು. ನಾನು ಬಾಯಿ ತೆರೆದದ್ದೇ ನನಗೆ ಗೊತ್ತಿರಲಿಲ್ಲ. ಒಬ್ಬೊಬ್ಬರ ಹೆಸರು ಹೇಳಿ ನಡುನಡುವೆ ಸ್ವಲ್ಪ ತಡೆಯುತ್ತೀರಿ, ಆ ಕಡೆಯಿಂದ ಉತ್ತರ ಬಂದ ಹಾಗೆ, ಎಂದರು ಖಾಲಾ. ನನ್ನ ಹಿಂದೆ ಖಾಲಿ ಮೆಟ್ಟಿಲು ಮಾತ್ರ ಇತ್ತು. ಅವತ್ತು ದೀಪ ಹಚ್ಚಿಕೊಂಡೇ ಕೆಳಗಿಳಿದೆ.

ಮಳೆಗಾಲ ಬಂದು ಆಕಾಶ ಮುಚ್ಚಿತು. ಮೋಡದ ಕೆಳಗೂ ಹೋಗಿ ಕೂಡುತ್ತಿದ್ದೆ, ಅಭ್ಯಾಸ ಬಿಡಲಿಲ್ಲ. ಶ್ರಾವಣ ಕಳೆದ ಮೇಲೆ ಕಪಾಟಿನ ಕೀಲಿ ಎಲ್ಲಿದೆ, ಗ್ಯಾಸಿನ ಪುಸ್ತಕ ಎಲ್ಲಿದೆ ಎಂದು ಅವ್ವನಿಗೆ ತೋರಿಸಿಟ್ಟೆ. ಅವ್ವ ನನ್ನ ಮುಖವನ್ನೇ ನೋಡಿದಳು.

ಹಿರಿಯರ ಅಮಾಸಿ ಬಂತು. ಹೋಳಿಗೆಯ ಎಡೆ ಇಟ್ಟು, ಆಯಿಯ ಹೆಸರಿನಲ್ಲಿ ಹೊಸ ಸೀರೆ ಇಟ್ಟು ಕೈಮುಗಿದೆವು. ಮಧ್ಯಾಹ್ನ ಹೊಡೆದ ಮಳೆಗೆ ಆಕಾಶ ತೊಳೆದಿಟ್ಟಂತಿತ್ತು. ಹೊತ್ತು ಮುಳುಗಿ ಕತ್ತಲಾಗುತ್ತಲೇ ಮಾಳಿಗೆಗೆ ಹೋದೆ. ಸಪ್ತರ್ಷಿಗಳು ವಾಯುವ್ಯಕ್ಕೆ, ಭಾಲ್ಕಿಯ ದಿಕ್ಕಿಗೆ, ಬಾಲ ಮೇಲೆ ಮಾಡಿ ಇಳಿಯುತ್ತಿದ್ದರು. ಅರುಂಧತಿ ಇರಲಿಲ್ಲ. ಹಿಂದೆ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ಮೆಲ್ಲಗೆ, ಒಂದೊಂದು ಮೆಟ್ಟಿಲಿಗೂ ನಿಂತು ನಿಂತು ಬರುವ ಮುದುಕಿಯ ಹೆಜ್ಜೆ. ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ.

ಬಂದದ್ದು ಅವ್ವ. ಮೊಣಕಾಲು ನೋವಿನಿಂದ ಎಷ್ಟೋ ವರ್ಷ ಮಾಳಿಗೆ ಹತ್ತದವಳು. ನನ್ನ ಮಗ್ಗುಲಲ್ಲಿ ಕೂತು ಕೇಳಿದಳು, "ಆರ್ ತಿಂಗಳಿಂದ ಏನ್ ಎಣಸ್ಲತ್ತಿ?"

ಎಲ್ಲ ಹೇಳಿದೆ. ಹೇಳುತ್ತ ಅತ್ತೆ. ಅವ್ವ ಸೆರಗಿನಿಂದ ನನ್ನ ಮುಖ ಒರೆಸಿದಳು.

"ನಿಮ್ಮ ಆಯಿಗಿ ನಾಕ್ ವರ್ಷದಿಂದ ಒಂದ್ ಚುಕ್ಕಿನೂ ಕಾಣ್ತಿರಲಿಲ್ಲ" ಎಂದಳು. "ಕಣ್ಣಾಗ ಪೊರಿ ಬಂದಿತ್ತು. ಮಕ್ಕಳು ಅಂಜಬಾರದಂತ ನಾನೇ ಆಕಿ ಬೆರಳ ಹಿಡದು ಆ ಕಡಿ ತಿರಗಸ್ತಿದ್ದೆ. ಆಕಿ ಕಂಡಳು ಅಂತಿದ್ದಳು."

"ಮತ್ತ ಆ ರಾತ್ರಿ?"

"ಆವತ್ತ ಜೋಳದ ಹಿಟ್ಟಿನ ಸಲೇಕ ಇಬ್ಬರೂ ಜಗಳಾಡಿದ್ದೆವು. ನಾ ಕೈ ಹಿಡಿಲಿಲ್ಲ."

ಆಯಿ ನಮಗಾರಿಗೂ ಸಾವಿನ ಸುದ್ದಿ ಹೇಳಿರಲಿಲ್ಲ. ಮಗ್ಗುಲಲ್ಲಿದ್ದ ಸೊಸೆಗೆ, ನಿನ್ನ ಕೈ ಬರಲಿಲ್ಲ ಎಂದಿದ್ದಳು ಅಷ್ಟೇ. ಆ ಜಗಳ ಮುಗಿಯುವ ಮುಂಚೆ ಹೊಟ್ಟೆಯ ಗಡ್ಡೆ ಆಯಿಯನ್ನು ಒಯ್ದಿತ್ತು. ನಾನು ಚುಕ್ಕಿಗೆ ಹೆದರಿದ ಮೂವತ್ತೆಂಟು ವರ್ಷವೂ ಅವ್ವ ಆ ಹಿಡಿಯದ ಕೈಯ ಭಾರವನ್ನು ಒಬ್ಬಳೇ ಹೊತ್ತಿದ್ದಳು. ಕೈ ಹಿಡಿದಿದ್ದರೆ ಆಯಿ ಉಳಿಯುತ್ತಿದ್ದಳೇನು ಎಂದು ನನ್ನನ್ನು, ವಿಜ್ಞಾನ ಕಲಿತವಳನ್ನು, ಕೇಳಿದಳು. ಇಲ್ಲವ್ವ ಎಂದೆ. ಗಡ್ಡೆಯ ವಿಷಯ ಬಿಡಿಸಿ ಬಿಡಿಸಿ ಹೇಳಿದೆ. ಅವಳು ಗೋಣು ಹಾಕಿದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ.

ಆಮೇಲೆ ಅವ್ವ ಬೆರಳೆತ್ತಿದಳು. ಬೆರಳು ಬೀದರಿನ ದೀಪಗಳ ಕಡೆಗಿತ್ತು. ಅವಳ ಕಣ್ಣಿಗೂ ಪೊರೆ ಬಂದಿದೆ ಎಂಬುದು ಅಲ್ಲಿಯವರೆಗೆ ನನ್ನ ಗಮನಕ್ಕೇ ಬಂದಿರಲಿಲ್ಲ. ತುಪ್ಪದ ವಾಸನೆಯ ಆ ಬೆರಳನ್ನು ಹಿಡಿದು ಏಳು ಚುಕ್ಕಿಗಳ ಕಡೆ ತಿರುಗಿಸಿದೆ.

ಸಣ್ಣವರಿಂದ ಶುರು. "ಕಂಡಳು" ಎಂದೆ ನಾನು.

"ಕಂಡಳು" ಎಂದಳು ಅವ್ವ.

ಇಬ್ಬರೂ ಸುಮ್ಮನಾದೆವು. ಕೊನೆಯ ಸರದಿ ಇನ್ನೂ ಇತ್ತು. ಅವ್ವನ ಇನ್ನೊಂದು ಕೈ ಆಚೆ ಮಗ್ಗುಲಿಗೆ, ಯಾರೂ ಇಲ್ಲದ ಕಡೆಗೆ ಹೋಯಿತು. ಅಲ್ಲಿ ಏನನ್ನೋ ಹಗುರಾಗಿ ಹಿಡಿದು, ಎತ್ತಿ, ಮೆಲ್ಲಗೆ ಭಾಲ್ಕಿಯ ಕಡೆ ತಿರುಗಿಸಿದಳು.