ಎರಡು ಮೇಜು

ಆರೋಗ್ಯದ ವಿಷಯದಲ್ಲಿ ಯಾರಿಗೆ ಏನು ಸಿಗುತ್ತಿಲ್ಲ, ಯಾಕೆ ಸಿಗುತ್ತಿಲ್ಲ ಎಂದು ತಿಳಿಯಲು ವಿಶ್ವವಿದ್ಯಾಲಯದವರು ಕಿರುಗಾವಲಿನ ಆಚೆಗಿರುವ ನಮ್ಮೂರನ್ನು ಆರಿಸಿಕೊಂಡಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ನಾನೇ. ಕೇರಿಯಲ್ಲಿ ಹುಟ್ಟಿ ಮಂಡ್ಯದ ಕಾಲೇಜಿನಲ್ಲಿ ಪಾಠ ಹೇಳುವವಳು ಎಂದು ಊರಿನ ಸಮಿತಿಗೆ ನನ್ನನ್ನೂ ಸೇರಿಸಿದರು. ಉಳಿದವರೆಲ್ಲ ಮೇಲಿನ ಬೀದಿಯ ಗೌಡರು. "ಇದು ನಾವೂ ಊರವರೂ ಜೊತೆಯಾಗಿ ಮಾಡೋ ಸಂಶೋಧನೆ" ಎಂದರು ವಿಶ್ವವಿದ್ಯಾಲಯದಿಂದ ಬಂದ ಡಾಕ್ಟರ್ ಮೇಡಂ. ನಂಬಿದೆ.

ರಕ್ತಪರೀಕ್ಷೆಯ ಶಿಬಿರ ದೇವಸ್ಥಾನದ ಜಗಲಿಯ ಮೇಲೆ ಎಂದು ಸಮಿತಿ ತೀರ್ಮಾನಿಸಿತು. ನೆರಳಿದೆ, ಕರೆಂಟಿದೆ. ಅಲ್ಲಿಗೆ ನಮ್ಮವರು ಹತ್ತುವುದಿಲ್ಲ ಎಂದೆ.

"ಯಾರವ್ವ ಬ್ಯಾಡ ಅಂದೋರು? ಬರ್ಲಿ. ನಾವೇನ್ ಅಡ್ಡ ನಿಂತ್ಕಂಡಿದ್ದೀವಾ?" ಎಂದರು ಹಿರಿಯ ಗೌಡರು.

ಮೇಡಂಗೆ ನಿರಾಳವಾಯಿತು. ಅವರಿಗೇನು ಗೊತ್ತು! ನಮ್ಮೂರಲ್ಲಿ ಬೇಡ ಎನ್ನುವವರು ಯಾರೂ ಇಲ್ಲ, ಬನ್ನಿ ಎಂದು ಕರೆಯುವವರೂ ಇಲ್ಲ. ಹಾಗೇ ನಡೆದುಕೊಂಡು ಬಂದಿದೆ.

ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದ ಚಿಕ್ಕಮ್ಮನಿಗೆ ಸಕ್ಕರೆ ಕಾಯಿಲೆ. ಕಬ್ಬಿನ ಗದ್ದೆಯಲ್ಲಿ ಕೂಳೆ ಚುಚ್ಚಿದ ಕಾಲಿನ ಗಾಯ ಎಷ್ಟು ದಿನವಾದರೂ ಮಾಯುತ್ತಿರಲಿಲ್ಲ. ಮಳವಳ್ಳಿ ಆಸ್ಪತ್ರೆಗೆ ಹೋದರೆ ಅವತ್ತಿನ ಕೂಲಿ ಹೋಗುತ್ತದೆ ಎಂದು ಬಟ್ಟೆ ಸುತ್ತಿಕೊಂಡೇ ಕಳೆ ಕೀಳುತ್ತಿದ್ದಳು. ನಾನು ಬೈದರೆ, "ದೊಡ್ ಡಾಕ್ಟ್ರೇ ಬತ್ತಾವ್ರಲ್ಲ, ಅವ್ರಿಗೇ ತೋರುಸ್ತೀನಿ ಬುಡು" ಎಂದಳು.

ಶಿಬಿರದ ದಿನ ಖಾಲಿ ಹೊಟ್ಟೆಯಲ್ಲಿ ಬರಬೇಕು ಎಂದಿದ್ದರು. ಕೇರಿಯ ಹೆಂಗಸರು ಹಾಗೇ ಬಂದರು. ಬಂದವರು ದೇವಸ್ಥಾನದ ಎದುರಿನ ಬೇವಿನ ಮರದ ಕೆಳಗೇ ನಿಂತರು. ಜಗಲಿಯ ಮೇಲೆ ಸಾಲು ಸಾಗುತ್ತಿತ್ತು. ರಕ್ತ ಕೊಟ್ಟವರು ಬನ್ನು, ಬಾಳೆಹಣ್ಣು ತಿಂದು ಮನೆಗೆ ಹೋದರು. ಮೇಜು ಕೆಳಗಿಳಿಸಿ ಎಂದು ಮೇಡಂಗೆ ಹೇಳಿದೆ. "ಅವರೇ ಬರಬಹುದಲ್ಲಾ, ಯಾರೂ ತಡೆದಿಲ್ಲ" ಎಂದರು. ಮೈಯೆಲ್ಲ ಉರಿದುಹೋಯಿತು.

ಬಿಸಿಲೇರಿತು. ಚಿಕ್ಕಮ್ಮ ಬೆವರುತ್ತಾ, ನಡುಗುತ್ತಾ ನೆಲಕ್ಕೆ ಕುಸಿದಳು.

"ಏನ್ ತಿಂದೆ ಬೆಳಿಗ್ಗೆ?"

"ಏನೂ ಇಲ್ಲ ಕಣ್ಮಗ. ಮಾತ್ರೆ ಮಾತ್ರ ತಗಂಡೆ. ರಾತ್ರೀದೂ ಸೇರ್ಸಿ. ಓದ್ದೋರ್ ಮುಂದೆ ನನ್ ರಕ್ತ ಸೆಂದಾಗ್ ಬರ್ಲಿ ಅಂತ..."

ಮನೆಗೆ ನೆಂಟರು ಬರುವಾಗ ಅಂಗಳ ಸಾರಿಸುವಂತೆ ತನ್ನ ರಕ್ತವನ್ನೂ ಸಾರಿಸಿಕೊಂಡು ಬಂದಿದ್ದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆಗ ಮೇಡಂ ಓಡಿ ಇಳಿದು ಬಂದರು. ಸಕ್ಕರೆ ನೀರು ಕುಡಿಸಿ, ಅವಳು ಚೇತರಿಸಿಕೊಂಡ ಮೇಲೆ ಕಾಲಿನ ಬಟ್ಟೆ ಬಿಚ್ಚಿದರು. ಅವರ ಮುಖ ಬಿಳಿಚಿಕೊಂಡಿತು. ಪಾದ ಕಪ್ಪಾಗಿತ್ತು.

"ಈಗಲೇ ಮಂಡ್ಯಕ್ಕೆ ಕರ್ಕೊಂಡು ಹೋಗಿ" ಎಂದು ತಮ್ಮ ಕಾರನ್ನೇ ಕೊಟ್ಟರು.

ಮಂಡ್ಯದ ಆಸ್ಪತ್ರೆಯಲ್ಲಿ ಚಿಕ್ಕಮ್ಮನ ಪಾದ ತೆಗೆದರು. ಮೊದಲೇ ತೋರಿಸಿದ್ದರೆ ಉಳಿಯುತ್ತಿತ್ತು ಎಂದರು ಅಲ್ಲಿಯ ವೈದ್ಯರು.

ಅವಳ ಮಂಚದ ಪಕ್ಕ ಕುಳಿತಿದ್ದಾಗಲೇ ಮೇಡಂ ಫೋನ್ ಮಾಡಿದರು. ಕ್ಷಮೆ ಕೇಳಿದರು. ಆಮೇಲೆ, "ಸಮಿತಿ ಜೊತೆ ಮಾತಾಡಿದೆ. ಮುಂದಿನ ಸಲ ಎರಡು ಮೇಜು ಹಾಕ್ತೀವಿ. ಒಂದು ಜಗಲಿ ಮೇಲೆ, ಒಂದು ನಿಮ್ಮ ಕೇರಿಯಲ್ಲಿ. ಎಲ್ಲರಿಗೂ ಅನುಕೂಲ" ಎಂದರು.

"ತಾರತಮ್ಯ ಅಳೆಯೋಕೆ ಬಂದು ನೀವೇ ಎರಡು ಮೇಜು ಹಾಕ್ತೀರಾ ಮೇಡಂ? ನಾಚಿಕೆ ಆಗಲ್ವಾ?" ವಾರ್ಡಿನವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಕೂಗಿದೆ.

ಚಿಕ್ಕಮ್ಮ ನನ್ನ ಸೆರಗು ಹಿಡಿದು ಜಗ್ಗಿದಳು. "ಸುಮ್ಕಿರು ಮಗ, ಬ್ಯಾಡ ಅನ್ಬ್ಯಾಡ. ನಮ್ ಕೇರಿಗೇ ಬತ್ತೀವಿ ಅಂತಾವ್ರಲ್ಲ, ಬರ್ಲಿ. ಇನ್ನೊಬ್ಬಳ ಕಾಲಾದ್ರೂ ಉಳ್ಕಳ್ಳಿ."

ಅವಳ ಕಾಲ ಮೇಲಿನ ಹೊದಿಕೆ ಒಂದು ಕಡೆ ಮಾತ್ರ ತಗ್ಗಾಗಿತ್ತು. ಫೋನನ್ನು ಮತ್ತೆ ಕಿವಿಗಿಟ್ಟುಕೊಂಡು, "ಆಗ್ಲಿ ಮೇಡಂ, ಎರಡೇ ಹಾಕಿ" ಎಂದೆ.