ಕೋಲ್ಕತ್ತದಲ್ಲಿ ಬರೆದ ಪುಲಿಗೆರೆ

ಗದಗಿನಲ್ಲಿ ರೈಲು ಹತ್ತಿ, ಎರಡು ದಿನ ಕುಳಿತು ಕೋಲ್ಕತ್ತದ ಹಾವಡಾ ನಿಲ್ದಾಣದಲ್ಲಿ ಇಳಿದು, ಬಾಡಿಗೆ ಕೋಣೆಯ ಬಾಗಿಲಿಗೆ ಬಂದಾಗ ಮನೆಯೊಡತಿ ನನ್ನನ್ನು ಕೇಳಿದ ಮೊದಲ ಮಾತು, "ಜೊಲ್ ಖಾಬೇ?" ನನಗಿದ್ದ ಹರಕುಮುರುಕು ಹಿಂದಿಯಲ್ಲಿ ಅದು "ನೀರು ತಿನ್ನುತ್ತೀಯಾ?" ಎಂದು ಕೇಳಿಸಿತು. ದಣಿವಿಗೆ ಕಿವಿ ಮಂಕಾಗಿದೆ ಅಂದುಕೊಂಡೆ. ಹಾಗಲ್ಲ. ಬಂಗಾಳಿಯಲ್ಲಿ ನೀರನ್ನೂ ತಿನ್ನುತ್ತಾರೆ, ಚಹಾವನ್ನೂ ತಿನ್ನುತ್ತಾರೆ. ಆ ಹೆಂಗಸು, ಎಲ್ಲರೂ ಮಾಯಾದಿ ಎನ್ನುವ ಮಾಯಕ್ಕ, ನನ್ನ ಮುಖ ನೋಡಿ ನಕ್ಕು ಚೊಂಬು ಕೈಗಿತ್ತಳು. ನೀರು ಮಾತ್ರ ನಮ್ಮ ನೀರಿನ ಹಾಗೆ ಗಡುಸಾಗಿರಲಿಲ್ಲ.

ನಾನು ಬೆಟಗೇರಿಯ ನೇಕಾರರ ಮನೆಯವಳು. ಇಲ್ಲಿನ ಒಂದು ದೊಡ್ಡ ಗ್ರಂಥಾಲಯದಲ್ಲಿ ಕನ್ನಡ ಪುಸ್ತಕಗಳ ಪಟ್ಟಿ ಮಾಡುವ ಕೆಲಸ ಸಿಕ್ಕಿ ಬಂದೆ. ಮೂರು ವರ್ಷ ಇದ್ದು ವಾಪಸಾಗುತ್ತೇನೆ ಎಂದು ನನ್ನ ಅಕ್ಕ ಶಾಂತಕ್ಕನಿಗೆ ಹೇಳಿದ್ದೆ. ನನ್ನನ್ನು ಎತ್ತಿ ಆಡಿಸಿದವಳು, ಅಪ್ಪನ ನಂತರ ಮಗ್ಗ ನಡೆಸಿದವಳು ಅವಳೇ. ಈಗ ಹನ್ನೊಂದು ವರ್ಷವಾಯಿತು.

ಮೊದಮೊದಲು ನಿದ್ದೆ ಹತ್ತುತ್ತಿರಲಿಲ್ಲ. ಬೆಟಗೇರಿಯಲ್ಲಿ ಲಾಳಿಯ ಸಪ್ಪಳಕ್ಕೇ ಕಣ್ಣು ಮುಚ್ಚಿದವಳು ನಾನು; ಇಲ್ಲಿ ಟ್ರಾಮಿನ ಗಂಟೆ. ಅನ್ನ ಮೂರು ಹೊತ್ತೂ ಸಿಗುತ್ತಿತ್ತು, ಜೋಳದ ಹಿಟ್ಟು ಎಲ್ಲೂ ಸಿಗಲಿಲ್ಲ. ಮುಡಿ ಎಂದು ಕಾಗದದ ಪೊಟ್ಟಣದಲ್ಲಿ ಮಾರುವುದು ನಮ್ಮ ಚುರಮರಿಯೇ ಎಂದು ತಿಳಿದ ಸಂಜೆ ರಸ್ತೆಯಲ್ಲೇ ನಿಂತು ಅರ್ಧ ತಿಂದು ಮುಗಿಸಿದೆ, ಆದರೆ ಅದಕ್ಕೆ ಸಾಸಿವೆ ಎಣ್ಣೆ ಹಾಕಿದ್ದರು. ಮರುವರ್ಷ ಊರಿನಿಂದ ಹಿಟ್ಟು ಹೊತ್ತು ತಂದು ರೊಟ್ಟಿ ಬಡಿಯಲು ಕುಳಿತರೆ, ಯಾರೋ ಯಾರನ್ನೋ ಹೊಡೆಯುತ್ತಿದ್ದಾರೆಂದು ಮಾಯಾದಿ ಮಹಡಿ ಹತ್ತಿ ಓಡಿಬಂದಳು. ಬಂದವಳು ಎರಡು ರೊಟ್ಟಿ ಉಂಡು ಹೋದಳು. ಈ ಊರಿನಲ್ಲಿ ನಾನು ಗೆದ್ದ ಮೊದಲ ಪಂದ್ಯ ಅದು.

ನಾನು ಬರೆದ 'ಪುಲಿಗೆರೆ' ಕಾದಂಬರಿ ಹುಟ್ಟಿದ್ದು ಗ್ರಂಥಾಲಯದ ಧೂಳಿನಲ್ಲಿ. ಪುಲಿಗೆರೆ ಎಂದರೆ ಲಕ್ಷ್ಮೇಶ್ವರದ ಹಳೆಯ ಹೆಸರು. ಅಲ್ಲಿನ ಶಾಸನಗಳ ಪುಸ್ತಕವೊಂದನ್ನು ಪಟ್ಟಿಗೆ ಸೇರಿಸುತ್ತಿದ್ದಾಗ, ದೇವರಿಗೆ ಬಟ್ಟೆ ಕೊಟ್ಟ ಒಬ್ಬ ಹೆಣ್ಣುಮಗಳ ಕುರಿತ ಒಂದೇ ಒಂದು ಸಾಲು ಕಣ್ಣಿಗೆ ಬಿತ್ತು. ಅವಳ ಹೆಸರು ಇದ್ದ ಕಡೆ ಕಲ್ಲು ಒಡೆದಿತ್ತಂತೆ. ನಾನು ಅವಳನ್ನು ನೇಕಾರಳನ್ನಾಗಿ ಮಾಡಿ ಬರೆಯತೊಡಗಿದೆ. ಐದು ವರ್ಷ ಹಿಡಿಯಿತು. ಮಗ್ಗದ ಮಾತು ಮರೆತಾಗಲೆಲ್ಲ ಅಕ್ಕನಿಗೆ ಫೋನು. "ಅದಕ್ಕ ಏನಂತಾರ, ನೂಲು ಒತ್ತತೈತಲ್ಲ?" ಎಂದರೆ ಅವಳು, "ಹಣಗಿ. ಅದೂ ಮರತಿ?" ಎನ್ನುತ್ತಿದ್ದಳು. ನಾನು ಬರೆದುಕೊಳ್ಳುತ್ತಿದ್ದೆ.

ಪುಸ್ತಕಕ್ಕೆ ದೊಡ್ಡ ಪ್ರಶಸ್ತಿ ಬಂತು. ಲಕ್ಷ್ಮೇಶ್ವರದಲ್ಲಿ ಸನ್ಮಾನ ಇಟ್ಟುಕೊಂಡರು. ವೇದಿಕೆಯ ಮೇಲೆ ನನ್ನನ್ನು "ಕೋಲ್ಕತ್ತದಿಂದ ಬಂದಿರೋ ಅತಿಥಿ" ಎಂದರು. ಅಕ್ಕ ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟುತ್ತಿದ್ದಳು. ಶಾಲು, ಹಾರ ಹಿಡಿದು ಇಬ್ಬರೂ ಗದಗಿನ ಬಸ್ಸು ಹತ್ತಿದೆವು. ಶಿರಹಟ್ಟಿ ದಾಟಿದ ಮೇಲೆ ಅವಳು ಮಾತು ತೆಗೆದಳು.

"ಪುಸ್ತಕ ಓದೀನಿ ಸುಮಿ. ಎರಡ ತಿಂಗಳ ಹಿಡೀತು. ಚಲೋ ಬರದಿ. ಒಂದ ಮಾತ ಕೇಳಲೇನು?"

"ಕೇಳಕ್ಕ."

"ಶ್ರಾವಣದಾಗ ಹೊರಗ ಮಳಿ ಹತ್ತೇತಿ, ನಿನ್ನ ಹೆಣ್ಮಗಳು ಒಳಗ ಕುಂತು ಹಾಡ ಹೇಳಕೋತ ನೇಯತಾಳಲ್ಲ, ಆಕಿ ಕುಣ್ಯಾಗ ನೀರ ಬರಲಿಲ್ಲೇನು?"

ಮಗ್ಗದ ಕೆಳಗೆ ನೇಯುವವರು ಕಾಲು ಇಳಿಬಿಟ್ಟು ಕೂರುವ ತಗ್ಗು, ಅದೇ ಕುಣಿ.

"ಮಳಿ ಹಿಡೀತಂದ್ರ ನಮ್ಮ ಕುಣಿ ತುಂಬತಿತ್ತು. ಅಪ್ಪ ತಂಬಿಗಿಲೆ ತೋಡಿ ತೋಡಿ ಸಾಕಾಗಿ ಕುಂದ್ರತಿದ್ದ. ಮಗ್ಗ ನಿಂತರ ಒಲಿನೂ ನಿಲ್ಲತಿತ್ತು. ನೆನಪಿಲ್ಲೇನು?"

"ಇಲ್ಲಕ್ಕ."

ಅವಳು ಕಿಟಕಿಯಾಚೆಯ ಎರೆಹೊಲ ನೋಡುತ್ತ, "ನಿನಗ ಹೆಂಗ ನೆನಪಿರಬೇಕು," ಅಂದಳು. "ನಿನಗ ಉಣಸೇ ಮಲಗಸತಿದ್ವಿ."

ತೀರ್ಪುಗಾರರು ಎತ್ತಿ ಹೇಳಿ ಹೊಗಳಿದ್ದು ಅದೇ ಅಧ್ಯಾಯವನ್ನು. ಅದನ್ನು ಬರೆಯುವಾಗ ನನ್ನ ಕಿಟಕಿಯ ಹೊರಗೆ ಕೋಲ್ಕತ್ತದ ಮಳೆ ಸುರಿಯುತ್ತಿತ್ತು, ಮಾಯಾದಿ ಖಿಚುಡಿ ಮಾಡಿ ಕಳಿಸಿದ್ದಳು. ಹೊಟ್ಟೆ ತುಂಬಿದವಳ ಮಳೆಯನ್ನು ನಾನು ಪುಲಿಗೆರೆಯ ಮೇಲೆ ಸುರಿಸಿದ್ದೆ. ಬಸ್ಸು ಗದಗ ಮುಟ್ಟುವವರೆಗೆ ಶಾಲಿನ ಪೊಟ್ಟಣ ಅಕ್ಕನ ತೊಡೆಯ ಮೇಲಿತ್ತು.

ಕೋಲ್ಕತ್ತಕ್ಕೆ ವಾಪಸಾದ ಮೇಲೆ ಎರಡನೆಯ ಮುದ್ರಣಕ್ಕೆಂದು ಆ ಅಧ್ಯಾಯವನ್ನು ಮತ್ತೆ ಬರೆದೆ. ಈಗ ಮಗ್ಗ ನಿಂತಿದೆ, ಹೆಣ್ಣುಮಗಳು ತಂಬಿಗೆಯಿಂದ ಕುಣಿಯ ನೀರು ತೋಡುತ್ತಿದ್ದಾಳೆ, ಅವಳ ಪುಟ್ಟ ತಂಗಿ ಮೂಲೆಯಲ್ಲಿ ಕುಳಿತು ಉಣ್ಣುತ್ತಿದ್ದಾಳೆ. ಮೊನ್ನೆ ಕೆಲಸ ಮುಗಿದ ಮೇಲೆ ಗ್ರಂಥಾಲಯದ ಮೆಟ್ಟಿಲ ಮೇಲೆ ಕುಳಿತು ಅದನ್ನು ಅಕ್ಕನಿಗೆ ಫೋನಿನಲ್ಲಿ ಓದಿ ಹೇಳಿದೆ.

"ಈಗ ಖರೆ ಆತು," ಅಂದಳು. ಆಮೇಲೆ, "ದೊಡ್ಡಾಕಿ ಉಂಡಳೋ ಇಲ್ಲೋ, ಅದನ್ನ ಬರದಿಲ್ಲ."

"ಬರೀಲೇನು?"

"ಬ್ಯಾಡ. ಇರಲಿ ಬಿಡು. ದೀಪಾವಳಿಗೆ ಬರತೀಯಿಲ್ಲ?"

"ಮನಿಗೆ ಹೋಗಿ, ರಜಾ ಎಷ್ಟ ಅದಾವ ನೋಡಿ ಹೇಳತೇನಿ."

"ಯಾವ ಮನಿಗೆ?"

ಅವಳು ಕುಟುಕಿ ಕೇಳಿದ್ದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದಳು. "ಇಲ್ಲಿ ಮನಿಗೆ," ಅಂದೆ. ಹನ್ನೊಂದು ವರ್ಷದಲ್ಲಿ ಆ ಬಾಡಿಗೆ ಕೋಣೆಯನ್ನು ಅಕ್ಕನ ಎದುರು ಮನೆ ಎಂದದ್ದು ಅದೇ ಮೊದಲು. ಹೇಳಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಬೇಕೆನಿಸಿತು, ಆಗಲಿಲ್ಲ.

"ಆತು, ಜಲ್ದಿ ಹೋಗು," ಅಂದಳು ಅಕ್ಕ. "ಅಲ್ಲಿ ಕತ್ತಲಾಗಿರತೈತಿ."

ಆಗಿತ್ತು. ಬೀದಿದೀಪ ಹತ್ತಿದ್ದವು. ಬೆಟಗೇರಿಯ ಅಂಗಳದಲ್ಲಿ ಆ ಹೊತ್ತಿಗೆ ಇನ್ನೂ ಬಿಸಿಲಿರುತ್ತದೆ. ಇಲ್ಲಿ ಕತ್ತಲು ಬೇಗ ಬರುತ್ತದೆಂದು ನಾನು ಅವಳಿಗೆ ಎಂದೂ ಹೇಳಿರಲಿಲ್ಲ.