ಅಲಾರಾಮಿಗೆ ಏರಿಸಿದ ಖಣ

ಕೀಂವ್.

ಒಂದು ನಿಮಿಷ ಸದ್ದಿಲ್ಲ. ಮತ್ತೆ, ಕೀಂವ್.

ವಿಜಯಪುರದ ಜಲನಗರದ ಸತೀಶಕುಮಾರರ ಮನೆಯಲ್ಲಿ ಮೂರು ದಿನದಿಂದ ಈ ಸದ್ದಿನ ಬೇಟೆ ನಡೆದಿತ್ತು. ಮೊದಲ ದಿನ ಜೀರುಂಡೆ ಎಂದು ಸೋಫಾ ಮಗುಚಿದರು. ಎರಡನೆಯ ದಿನ ಇಲಿಮರಿ ಎಂದು ಫ್ರಿಜ್ಜು ಸರಿಸಿದರು. ಮೂರನೆಯ ದಿನ ಸತೀಶಕುಮಾರರು ಬ್ಯಾಂಕಿಗೆ ರಜೆ ಹಾಕಿ, ಕಸಬರಿಗೆ ಹಿಡಿದು, ಕಪಾಟಿನ ಪಕ್ಕ ಹೊಂಚಿ ಕುಳಿತಿದ್ದಾಗ ನಸ್ರೀನ ಬಂದಳು. ಹೊಸ್ತಿಲಾಚೆ ಚಪ್ಪಲಿ ಬಿಟ್ಟು, ಸದ್ದು ಬರುವ ತನಕ ಕಣ್ಣು ಮುಚ್ಚಿ ನಿಂತು, ಆಮೇಲೆ ಬೆರಳನ್ನು ನೇರ ಚಾವಣಿಗೆ ತೋರಿಸಿದಳು.

“ಹುಳಾ ಅಲ್ರಿ ಸರ. ಹೋದ ವರ್ಷ ನಾನು ಕೂಡಿಸಿದ ಹೊಗಿ ಅಲಾರಾಂ ಅದು. ಬ್ಯಾಟರಿ ತೀರಾಕತ್ತೈತಿ ಅಂತ ನಿಮಗ ಹೇಳಾಕತ್ತೈತಿ.”

“ಮೂರು ದಿನದಿಂದ?”

“ನಾವಾಗಿದ್ರ ಮೂರು ಸಲ ಹೇಳಿ ಸಿಟ್ಟಾಗಿ ಮಲಗತಿದ್ವಿ. ಅದಕ್ಕ ತಾಳ್ಮಿ ಭಾಳ ಐತ್ರಿ.”

ಒಳಗಿನಿಂದ ಸತೀಶಕುಮಾರರ ಹೆಂಡತಿ ನಕ್ಕ ಸದ್ದು ಕೇಳಿ ಕಸಬರಿಗೆ ಮೆಲ್ಲಗೆ ಮೂಲೆ ಸೇರಿತು. ನಸ್ರೀನ ಸ್ಟೂಲು ಹತ್ತಿದಳು. ಹಳೆಯ ಬ್ಯಾಟರಿ ತೆಗೆದು ಹೊಸದು ಹಾಕಿದಳು. ಮೆತ್ತನೆಯ ಕುಂಚದಿಂದ ಧೂಳು ಕೊಡವಿದಳು. ಅಷ್ಟರಲ್ಲಿ ಅವಳ ಫೋನು ರಿಂಗಣಿಸಿತು. ತಿಕೋಟಾದ ವಿಜಯಲಕ್ಷ್ಮೀ.

“ನಸ್ರೀನಕ್ಕಾ, ಇವತ್ತ ಬಾ. ನಾಳಿ ಅಮಾಸಿ. ಅದರೊಳಗ ಅಲಾರಾಂ ಕೀಳಬೇಕಂತ ನಮ್ಮ ಅತ್ತೇರು ಹಟಾ ಹಿಡದಾರ. ಅದನ್ನ ಕಿತ್ತರ ನಾ ರಾತ್ರಿ ಹ್ಯಾಂಗ ಕಣ್ಣು ಮುಚ್ಚಲಿ ಹೇಳು?”

ನಸ್ರೀನ ಹೆಚ್ಚು ಕೇಳಲಿಲ್ಲ. ಆ ಮನೆಯನ್ನು ಅವಳು ಬಲ್ಲಳು. ವಿಜಯಲಕ್ಷ್ಮೀಯ ಗಂಡ ಸಂಗು ಒಣದ್ರಾಕ್ಷಿ ವ್ಯಾಪಾರಿ. ಅವನ ಬ್ಯಾಟರಿ ಸ್ಕೂಟರು ಮೆಟ್ಟಿಲ ಕೆಳಗೆ ರಾತ್ರಿಯಿಡೀ ಚಾರ್ಜಿಗೆ ನಿಲ್ಲುತ್ತದೆ. ಮೆಟ್ಟಿಲ ಮೇಲಿನ ಕೋಣೆಯಲ್ಲಿ ವಿಜಯಲಕ್ಷ್ಮೀಯ ಇಬ್ಬರು ಹೆಣ್ಣುಮಕ್ಕಳು ಮಲಗುತ್ತಾರೆ. ಹಿಂದಿನ ಓಣಿಯಲ್ಲಿ ಯಾರದೋ ಚಾರ್ಜರು ಕರಕಲಾದ ವಾರವೇ ವಿಜಯಲಕ್ಷ್ಮೀ ನಸ್ರೀನಳನ್ನು ಹುಡುಕಿಸಿ, ಮೆಟ್ಟಿಲ ತಿರುವಿಗೆ ಅಲಾರಾಂ ಹಾಕಿಸಿದ್ದಳು.

ತಿಕೋಟಾದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಡ್ರಿಲ್ಲಿನ ಚೀಲವನ್ನು ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡು ಕುಳಿತಳು.

ಅವಳ ಅಪ್ಪ ಕಾಸಿಮಸಾಬ ಸಿದ್ಧೇಶ್ವರ ಗುಡಿಯ ಹಿಂದಿನ ಗಲ್ಲಿಯಲ್ಲಿ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುತ್ತಿದ್ದ. ಸಾಲೆಯಿಂದ ಬಂದ ನಸ್ರೀನಳ ಕೆಲಸ ತಾಮ್ರದ ತಂತಿಯ ಸಿಕ್ಕು ಬಿಡಿಸುವುದು. “ತಂತಿ ಸಿಕ್ಕಾದ್ರ ಎಳೀಬಾರ್ದು ಬೇಟಾ, ಎಲ್ಲಿಂದ ಸಿಕ್ಕಾತು ಅಂತ ಹುಡುಕಬೇಕು” ಎನ್ನುತ್ತಿದ್ದ ಅಪ್ಪ. ಮದುವೆಯಾದದ್ದು ವೈರಿಂಗ್ ಕೆಲಸದ ಯುನುಸನನ್ನು. ಮಧ್ಯಾಹ್ನದ ಹೊತ್ತು ಗಂಡಸರಿಲ್ಲದ ಮನೆಗಳಲ್ಲಿ ಅಡುಗೆಮನೆಯ ತನಕ ಯುನುಸನನ್ನು ಬಿಟ್ಟುಕೊಳ್ಳಲು ಹೆಂಗಸರು ಹಿಂಜರಿಯುತ್ತಿದ್ದರು. ಹೆಂಡತಿ ಜೊತೆಗಿದ್ದರೆ ಬಾಗಿಲು ಸಲೀಸಾಗಿ ತೆರೆಯುತ್ತಿತ್ತು. ಹಾಗೆ ಏಣಿ ಹಿಡಿಯಲು ಹೋದವಳು ಒಂದು ದಿನ ಏಣಿ ಹತ್ತಿದಳು. “ನಿನ್ನಕಿಂತ ನನ್ನ ಸ್ಕ್ರೂ ನೆಟ್ಟಗ ಕುಂತಾವ ನೋಡು” ಎಂದು ಮೇಲಿನಿಂದಲೇ ಹೇಳಿದಳು. ಯುನುಸ ನೋಡಿದ. ನೆಟ್ಟಗೇ ಕುಳಿತಿದ್ದವು. ಅಂದಿನಿಂದ ಹೋಟೆಲು, ಅಂಗಡಿ ಅವನಿಗೆ, ಮನೆಗಳೆಲ್ಲ ಅವಳಿಗೆ.

ಅವಳಿಗೊಂದು ರೂಢಿಯಿತ್ತು. ಗೋಡೆಗೆ ತೂತು ಹಾಕುವ ಮೊದಲು ಮನೆಯವರನ್ನು ಕೂರಿಸಿಕೊಂಡು, ಯಾರು ಎಲ್ಲಿ ಮಲಗುತ್ತಾರೆ, ಯಾರಿಗೆ ಕಿವಿ ಮಂದ, ಒಗ್ಗರಣೆಯ ಹೊಗೆ ಯಾವ ಕಿಟಕಿಯಿಂದ ಹೊರಗೆ ಹೋಗುತ್ತದೆ ಎಂದೆಲ್ಲ ಕೇಳುತ್ತಿದ್ದಳು. ಅಲಾರಾಂ ಕೂಡಿಸಿದ ಮೇಲೆ ಎಲ್ಲರನ್ನೂ ಅವರವರ ಹಾಸಿಗೆಯಲ್ಲಿ ಮಲಗಿಸಿ, ಬಾಗಿಲು ಹಾಕಿಸಿ, ಅದರ ಗುಂಡಿ ಒತ್ತಿ ಕೂಗಿಸುತ್ತಿದ್ದಳು. ಹಾಡುಹಗಲು ಮನೆಮಂದಿಯೆಲ್ಲ ಸಾಲಾಗಿ ಮಲಗಿ ಕಿಸಿಕಿಸಿ ನಗುವುದನ್ನು ನೋಡಿದ ನೆರೆಯವರು ಏನೇನೋ ಅಂದುಕೊಳ್ಳುವುದಿತ್ತು. ಎಲ್ಲರಿಗೂ ಕೇಳಿಸಿತು ಎಂಬ ಮಾತು ಬರುವ ತನಕ ಅವಳು ಚೀಲ ಕಟ್ಟುತ್ತಿರಲಿಲ್ಲ.

ಸಂಗುವಿನ ಮನೆಯ ಅಂಗಳದಲ್ಲಿ ಒಣದ್ರಾಕ್ಷಿಯ ಡಬ್ಬಗಳನ್ನು ಪೇರಿಸಿಟ್ಟಿದ್ದರು. ಸಿಹಿ ವಾಸನೆಗೆ ಜೇನ್ನೊಣಗಳು ಮುತ್ತಿದ್ದವು. ಕಟ್ಟೆಯ ಮೇಲೆ ಸಂಗುವಿನ ತಾಯಿ ಗುರುಸಿದ್ದವ್ವ ಕಾಲು ಚಾಚಿ ಕುಳಿತಿದ್ದಳು. ಎಪ್ಪತ್ತು ದಾಟಿದ್ದರೂ ಗಟ್ಟಿ ಆಳು.

“ಬಾ ಬೇ ನಸ್ರೀನಾ. ಚಲೋ ಹೊತ್ತಿಗೆ ಬಂದಿ. ಚಾ ಕುಡಿ, ಅದನ್ನ ಕೀಳು, ಬಸ್ಸು ಹಿಡಿ.”

“ಕೀಳಾಕ ನನಗೇನ ತ್ರಾಸಿಲ್ರಿ ಅಮ್ಮಾರ. ಅದು ಮಾಡಿದ ತಪ್ಪರ ಏನು?”

“ಮೂರು ಅಮಾಸಿ ಆತು! ಗಾಡಿ ಪೂಜಿ ಮಾಡ್ತೀನಿ, ಕಾಯಿ ಒಡೀಬೇಕಂತ ಕೈ ಎತ್ತೂದ ತಡ, ಮ್ಯಾಲಿಂದ ಹೊಯ್ಕೊಂತೈತಿ. ಕಾಯಿ ಒಡಿಯೂ ಹೊತ್ತಿನಾಗ ಮನ್ಯಾಗ ಬೊಬ್ಬಿ ಹೊಡದ್ರ ಒಳ್ಳೇದೇನಬೇ? ಮೂರನೇ ಸಲಕ್ಕ ನಾ ಅದರ ಸಿಟ್ಟು ಇಳಿಸಾಕ ಒಂದ ಖಣಾನೂ ಏರಿಸೀನಿ.”

ನಸ್ರೀನ ಒಳಗೆ ಹೋಗಿ ತಲೆಯೆತ್ತಿ ನೋಡಿದಳು. ಮೆಟ್ಟಿಲ ತಿರುವಿನಲ್ಲಿ ಚಾವಣಿ ತಗ್ಗು, ಗುರುಸಿದ್ದವ್ವ ಕೈಯೆತ್ತಿದರೆ ಮುಟ್ಟುವಷ್ಟು. ಅಲ್ಲಿ ಅಲಾರಾಮಿನ ಮೈಗೆ ಹಸಿರು ಖಣವನ್ನು, ಕುಪ್ಪಸಕ್ಕೆಂದು ಉಡಿ ತುಂಬುವ ಹೊಸ ಅರಿವೆಯನ್ನು, ಎರಡು ಸುತ್ತು ಸುತ್ತಿ ಬಿಗಿಯಾಗಿ ಗಂಟು ಹಾಕಿತ್ತು. ಗಂಟಿನ ಮೇಲೆ ಕುಂಕುಮ.

“ಧೂಳು ಬೀಳಬಾರ್ದಂತ ಕಟ್ಯಾರ ಅಂತ ತಿಳದಿದ್ದೆ ಅಕ್ಕಾ” ಎಂದಳು ವಿಜಯಲಕ್ಷ್ಮೀ, ಸಣ್ಣ ದನಿಯಲ್ಲಿ.

ನಸ್ರೀನ ಹೊರಗೆ ಬಂದು, “ಅಮ್ಮಾರ, ನೀವು ಪೂಜಿ ಹ್ಯಾಂಗ ಮಾಡ್ತೀರಿ, ನನಗೊಮ್ಮೆ ಮಾಡಿ ತೋರಸ್ರಿ” ಎಂದಳು.

“ಇವತ್ತ ಅಮಾಸಿ ಅಲ್ಲಲಾ!”

“ದೇವರಿಗಲ್ರಿ, ನನಗ ತೋರಸಾಕ.”

ಗೊಣಗುತ್ತಲೇ ಗುರುಸಿದ್ದವ್ವ ಎದ್ದಳು. ಆದರೆ ಕೈಗೆ ಕೆಂಡದ ಧೂಪಾರತಿ ಬಂದ ಕೂಡಲೇ ಮುಖಕ್ಕೆ ಗಾಂಭೀರ್ಯ ಬಂತು. ಮೆಟ್ಟಿಲ ಕೆಳಗಿನ ಸ್ಕೂಟರಿಗೆ ವಿಭೂತಿ ಹಚ್ಚಿದಳು. ಹೂ ಏರಿಸಿದಳು. ಕೆಂಡದ ಮೇಲೆ ಎರಡು ಚಿಟಿಕೆ ಲೋಬಾನ ಉದುರಿಸಿ, ಮುಂದಿನ ಗಾಲಿಗೆ, ಹಿಂದಿನ ಗಾಲಿಗೆ, ಹ್ಯಾಂಡಲಿಗೆ ಬೆಳಗಿದಳು. ಬಿಳಿ ಹೊಗೆ ದಾರಿ ಗೊತ್ತಿರುವ ನೆಂಟನಂತೆ ಮೆಟ್ಟಿಲು ಹತ್ತಿಹೋಯಿತು. ಗುರುಸಿದ್ದವ್ವ ಕಾಯಿ ಒಡೆಯುವವಳಂತೆ ಬರಿಗೈ ಎತ್ತಿ ನಿಂತಳು. ಮೇಲೆ ಸದ್ದೇ ಇಲ್ಲ.

“ನೋಡಿದಿ? ಖಣಕ್ಕ ಶಾಂತ ಆಗೈತಿ! ಹಂಗಿದ್ರ ಇರವೊಲ್ಲದ್ಯಾಕ. ಕೀಳೂದ ಬ್ಯಾಡ ಬಿಡು.”

ವಿಜಯಲಕ್ಷ್ಮೀಯ ಮುಖ ಅರಳಿತು. ನಸ್ರೀನಳ ಮುಖ ಅರಳಲಿಲ್ಲ. ಅವಳು ಮೆಟ್ಟಿಲು ಹತ್ತಿ ಗಂಟು ಬಿಚ್ಚಿ ಖಣವನ್ನು ತೋಳಿನ ಮೇಲೆ ಹಾಕಿಕೊಂಡಳು. ಹೊಗೆಯ ಎಳೆಯೊಂದು ಇನ್ನೂ ಚಾವಣಿಯಲ್ಲಿ ಸುಳಿಯುತ್ತಿತ್ತು. ಎಣಿಸಿ ಎಂಟು ಉಸಿರು. ಅಲಾರಾಂ ಮನೆ ನಡುಗುವಂತೆ ಕೂಗಿತು. ಅಂಗಳದ ಗುಬ್ಬಿಗಳು ಹಾರಿದವು. ಮೇಲಿನ ಕೋಣೆಯಿಂದ ಎರಡು ಜಡೆಗಳು ಇಣುಕಿದವು.

ನಸ್ರೀನ ಗುಂಡಿ ಒತ್ತಿ ಸುಮ್ಮನಾಗಿಸಿದಳು. “ಕಾಯಿಗಲ್ರಿ ಅಮ್ಮಾರ, ಲೋಬಾನದ ಹೊಗಿಗೆ. ಹೊಗಿ ಮೆಟ್ಲ ಹತ್ತಿ ಹೋಗೂತನಕ ನೀವು ಕಾಯಿಗೆ ಕೈ ಹಾಕಿರ್ತೀರಿ. ಅದು ಸಿಟ್ಟಿಲೆ ಒದರಿದ್ದಲ್ಲ, ತನ್ನ ಕೆಲಸಾ ಮಾಡಿದ್ದು.”

“ಮತ್ತ ಖಣಾ ಕಟ್ಟಿದಾಗ ಶಾಂತ ಇತ್ತಲ್ಲ?”

“ಶಾಂತ ಇರಲಿಲ್ರಿ. ಮೂಗು ಕಟ್ಟಿತ್ತು.”

ಗುರುಸಿದ್ದವ್ವ ಧೂಪಾರತಿಯನ್ನು ನಿಧಾನಕ್ಕೆ ಕೆಳಗಿಟ್ಟಳು. ಸ್ಕೂಟರನ್ನು ನೋಡಿದಳು. ಅದರ ಮೇಲಿನ ಮೆಟ್ಟಿಲುಗಳನ್ನು ನೋಡಿದಳು. ಮೆಟ್ಟಿಲ ಕಟಕಟೆ ಹಿಡಿದು ನಿಂತ ಮೊಮ್ಮಕ್ಕಳನ್ನು ನೋಡಿದಳು.

“ಒಂದು ತಿಂಗಳಾತಲ್ಲೇ ಯವ್ವಾ” ಎಂದಳು, ಯಾರಿಗೂ ಅಲ್ಲ ಎಂಬಂತೆ. “ಕಾಯಾವನ ಮೂಗು ಕಟ್ಟಿಟ್ಟು ನಾ ಆರಾಮ ಮಲಗೀನಿ.”

ವಿಜಯಲಕ್ಷ್ಮೀ ಬಂದು ಅತ್ತೆಯ ಮುಂಗೈ ಹಿಡಿದಳು. “ನಾನೂ ನೋಡೀನಿ, ನಾನೂ ಸುಮ್ಮನಿದ್ದೀನ್ರಿ ಅತ್ತೇರ. ಪಾಲು ಸಮ.”

ಮುದುಕಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಮರುಗಳಿಗೆಯಲ್ಲೇ ದನಿ ಮೊದಲಿನಂತೆ ಎದ್ದಿತು. “ಏ ಸಂಗು! ಎಲ್ಲದೀಯೋ ಭಾಡ್ಯಾ? ಇವತ್ತಿನಿಂದ ನಿನ್ನ ಗಾಡಿ ಅಂಗಳದ ತಗಡಿನ ಕೆಳಗ. ಚಾರ್ಜೂ ಅಲ್ಲೇ, ಪೂಜೀನೂ ಅಲ್ಲೇ.”

ಗೋದಾಮಿನಿಂದ ಇಣುಕಿದ ಸಂಗು, “ಅಲ್ಲಿಗೆ ವಾಯರ್ ಎಳೀಬೇಕಲ್ಲಬೇ ಯವ್ವಾ?” ಎಂದ.

“ಎಳ್ಯಾಕ ಯುನುಸ ನಾಳಿ ಬರ್ತಾನ” ಎಂದಳು ನಸ್ರೀನ, ಮೆಟ್ಟಿಲ ಮೇಲಿಂದ. ಅಲಾರಾಮಿನ ಸೀಳುಗಳಲ್ಲಿ ಕುಳಿತಿದ್ದ ಕುಂಕುಮವನ್ನು ಕುಂಚದಿಂದ ತೆಗೆಯುತ್ತಿದ್ದಳು. ಆಮೇಲೆ ರೂಢಿಯಂತೆ ಎಲ್ಲರನ್ನೂ ಮಲಗಿಸಿದಳು. ಸಂಗುವನ್ನೂ ಬಿಡಲಿಲ್ಲ. ಗುಂಡಿ ಒತ್ತಿದಾಗ ಎಲ್ಲ ಕೋಣೆಗಳಿಂದ “ಕೇಳ್ತು!” ಎಂಬ ಕೂಗು ಬಂತು. ಎಲ್ಲರಿಗಿಂತ ಮೊದಲು ಕೂಗಿದವಳು ಗುರುಸಿದ್ದವ್ವ.

“ಆದ್ರೂ ಅದಕ್ಕೊಂದು ಪೂಜಿ ಅಂತ ಬ್ಯಾಡೇನ?” ಎಂದಳು ಎದ್ದು ಬಂದು. ದನಿಯಲ್ಲಿ ಬೇಡಿಕೆಯಿತ್ತು.

“ಬೇಕಲ್ರಿ. ತಿಂಗಳಿಗೊಮ್ಮೆ ಈ ಗುಂಡಿ ಒತ್ತಿ ನೋಡಬೇಕು. ಮಂದಿ ಮರೀತಾರ. ನೀವು ಅಮಾಸಿ ಮರೆಯೂದಿಲ್ಲ. ಪ್ರತಿ ಅಮಾಸಿಗೆ ನೀವ ಒತ್ರಿ. ಒದರಿದ್ರ ಚಲೋ. ಒದರಲಿಲ್ಲಾ, ನನಗ ಫೋನ್ ಮಾಡ್ರಿ.”

“ನಾ ಒತ್ತಲೇನ?” ಗುರುಸಿದ್ದವ್ವ ಸೊಸೆಯ ಕಡೆ ಗೆದ್ದವಳಂತೆ ನೋಡಿದಳು.

“ಅಜ್ಜೀ, ನಾನು ಒತ್ತತೀನಿ!” ಎಂದಿತು ಒಂದು ಜಡೆ.

“ಸುಮ್ನಿರ ಲೇ. ಜಳಕಾ ಮಾಡದ ಮುಟ್ಟೂ ಹಂಗಿಲ್ಲ. ನಸ್ರೀನಾ, ಕಾಯಿ ಒಡ್ಯೂಕಿಂತ ಮೊದಲ ಒತ್ತಬೇಕೋ, ಆಮ್ಯಾಲೋ?”

“ಯಾವಾಗಾದ್ರೂ ನಡೀತೈತ್ರಿ” ಎನ್ನುತ್ತ ನಸ್ರೀನ ಚೀಲ ಹೆಗಲಿಗೇರಿಸಿದಳು.

“ಯಾವಾಗಾದ್ರೂ ಅಂದ್ರ ಹ್ಯಾಂಗ? ಒಂದ ಪದ್ಧತಿ ಬೇಕಿಲ್ಲ? ನನ್ನ ಮಗಳು ಸೌಭಾಗ್ಯ ಬಬಲೇಶ್ವರದಾಗ ಅದಾಳ, ಆಕಿ ಮನಿಗೂ ಒಂದ ಬೇಕು. ಆಕಿಗೆ ನಾ ಏನಂತ ಹೇಳಲಿ?”

“ಕಾಯಿ ಒಡದ ಮ್ಯಾಲ ಅತ್ತೇರ” ಎಂದಳು ವಿಜಯಲಕ್ಷ್ಮೀ.

“ನಿನ್ನ ಕೇಳಿಲ್ಲ ನಾ. ಮೊದಲ ಒತ್ತಬೇಕು. ಗಂಟಿ ಬಾರಿಸೇ ಪೂಜಿ ಶುರು ಮಾಡ್ತಾರ.”

“ಅದು ಗಂಟಿ ಅಲ್ರಿ.”

“ಅಲ್ಲಂದ್ರ ಮತ್ತೇನದು? ನಸ್ರೀನಾ, ನೀ ಹೇಳು. ಮತ್ತ ಉಪಾಸ ಇದ್ದಾಗ...”

ನಸ್ರೀನ ಚಪ್ಪಲಿ ಮೆಟ್ಟಿ ಆಗಲೇ ಗೇಟು ದಾಟಿದ್ದಳು. ತಿರುಗಿ ನೋಡದೆ ಒಂದು ಕೈ ಎತ್ತಿ ಬೀಸಿದಳು. ಹಿಂದೆ ಗುರುಸಿದ್ದವ್ವ ಇನ್ನೂ ಕೇಳುತ್ತಿದ್ದಳು, ಸೊಸೆ ಇನ್ನೂ ಉತ್ತರಿಸುತ್ತಿದ್ದಳು. ವಿಜಯಪುರದ ಬಸ್ಸಿಗೆ ಐದು ನಿಮಿಷವಷ್ಟೇ ಉಳಿದಿತ್ತು.